ಹಾಲಿನ ಗಾಡಿಗೆ ದಾರಿ, ಹಳ್ಳದ ನೀರಿಗೂ ದಾರಿ



ಈ ತಿಂಗಳ ಪಾಠಕ್ಕೆ ಮೇವಿನ ಜೋಳದ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಮುಂದಕ್ಕೆ ಹಾಕಿ ರಸ್ತೆಯ ಬಗ್ಗೆ ಬರೆಯುತ್ತಿದ್ದೇನೆ. ಬಳಗಾನೂರು ಸುತ್ತಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಸಭೆಗೆ ಹೋದಾಗ ಖನಿಜ ಮಿಶ್ರಣದ ಪಾಕೀಟು ತೆಗೆದು ಮಾತು ಶುರು ಮಾಡಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯಕ್ಕ ಒಬ್ಬರು ತಡೆದರು. "ಮೇಡಂ, ಆ ಪುಡಿ ಮಾತು ಆಮ್ಯಾಲ ಆಗ್ಲಿ. ಹಳ್ಳದಾಗ ಹೊಸಾ ದಾರಿ ಹಾಕ್ಯಾರ. ದಾರಿ ಆದ ಮ್ಯಾಲೆ ನಮ್ಮ ಎಮ್ಮಿ ಹಾಲು ಇಳದಾವ. ಎರಡಕ್ಕೂ ಏನರ ಸಂಬಂಧ ಐತೇನ್ರಿ?"

ಕೆಲವರು ನಕ್ಕರು. ನಾನೂ ಒಳಗೊಳಗೆ ನಕ್ಕೆ ಎಂದು ಒಪ್ಪಿಕೊಳ್ಳಬೇಕು. ಮರುದಿನ ಬೆಳಿಗ್ಗೆ ಹಾಲು ಹಾಕಿದ ಮೇಲೆ ಅವರು ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೋಡಿದ ಮೇಲೆ ನಗು ಬರಲಿಲ್ಲ.

ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರ ಮಣ್ಣು ಪೇರಿಸಿ ದಾರಿ ಮಾಡಿದ್ದರು. ಮಧ್ಯದಲ್ಲಿ ಎರಡು ಸಿಮೆಂಟ್ ಪೈಪು. ಆ ಪೈಪುಗಳೂ ಹಳ್ಳದ ತಳಕ್ಕಿಂತ ಒಂದಡಿ ಮೇಲೆ ಕೂತಿದ್ದವು. ದಾರಿಯ ಮೇಲ್ಭಾಗದಲ್ಲಿ ನೀರು ನಿಂತು ಮಡುವಾಗಿ, ಆಪು ಬೆಳೆದು, ಹುಲ್ಲಿನ ಬುಡದಲ್ಲೆಲ್ಲ ಬಸವನಹುಳು ಅಂಟಿಕೊಂಡಿದ್ದವು. ಕೆಳಭಾಗದಲ್ಲಿ ಮೊದಲು ಊರ ದನ ನೀರು ಕುಡಿಯುತ್ತಿದ್ದ ಜಾಗ ಒಣಗಿ ಬಿರುಕು ಬಿಟ್ಟಿತ್ತು. ಹಾಗಾಗಿ ಎಮ್ಮೆಗಳೆಲ್ಲ ಈಗ ಮೇಲಿನ ಮಡುವಿಗೇ ಇಳಿಯುತ್ತವೆ, ಅಲ್ಲಿಯ ಹುಲ್ಲನ್ನೇ ಮೇಯುತ್ತವೆ. ಮೂರು ಎಮ್ಮೆಗಳ ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬಿದ್ದಿತ್ತು. ಸಗಣಿ ಪರೀಕ್ಷೆ ಮಾಡಿಸಿದಾಗ ಲಿವರ್ ಫ್ಲೂಕ್, ಅಂದರೆ ಯಕೃತ್ತಿನ ಚಪ್ಪಟೆ ಹುಳುವಿನ ಮೊಟ್ಟೆ ಕಂಡವು. ಅಕ್ಕನ ಲೆಕ್ಕ ಸರಿಯಾಗಿತ್ತು.

ಈ ಹುಳುವಿನ ಬದುಕನ್ನು ಒಮ್ಮೆ ತಿಳಿದುಕೊಳ್ಳಿ. ರೋಗ ಇರುವ ದನದ ಸಗಣಿಯಲ್ಲಿ ಮೊಟ್ಟೆ ಹೊರಬರುತ್ತದೆ. ನೀರಿಗೆ ಬಿದ್ದ ಮೊಟ್ಟೆ ಒಡೆದು, ಮರಿ ಬಸವನಹುಳುವಿನ ಹೊಟ್ಟೆ ಸೇರಿ ಅಲ್ಲಿ ಹೆಚ್ಚುತ್ತದೆ. ಮತ್ತೆ ನೀರಿಗೆ ಬಂದು ದಂಡೆಯ ಹುಲ್ಲಿಗೆ ಅಂಟಿಕೊಂಡು ಕೂರುತ್ತದೆ. ಆ ಹುಲ್ಲು ಮೇಯ್ದ ಎಮ್ಮೆಯ ಯಕೃತ್ತಿನಲ್ಲಿ ಮೂರು ನಾಲ್ಕು ತಿಂಗಳಿಗೆ ಬಲಿತು ಮೊಟ್ಟೆ ಇಡುತ್ತದೆ. ಹರಿಯುವ ನೀರಿನಲ್ಲಿ ಈ ಬಸವನಹುಳು ನೆಲೆ ನಿಲ್ಲುವುದು ಕಷ್ಟ. ನಿಂತ ನೀರು, ಆಪು, ಕೆಸರು ಸಿಕ್ಕರೆ ಅದಕ್ಕೆ ಹಬ್ಬ. ದಾರಿ ಹಾಕಿದವರು ರೋಗ ತರಬೇಕೆಂದು ಹಾಕಲಿಲ್ಲ. ಆದರೆ ನೀರಿಗೆ ದಾರಿ ಬಿಡದೆ ಜನರಿಗೆ ದಾರಿ ಮಾಡಿದ್ದರಿಂದ ಹಳ್ಳ ಕೆರೆಯಾಯಿತು.

ಎರಡು ಪೈಪಿನ ಲೆಕ್ಕ

ನಮ್ಮ ಕಡೆ ಹಳ್ಳ ಎಂದರೆ ಬರೀ ಮಳೆನೀರಿನ ಕಾಲುವೆಯಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಭತ್ತದ ಗದ್ದೆಯ ಬಸಿನೀರೆಲ್ಲ ಹಳ್ಳಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲೂ ತೇವ ಇರುವ ಹಳ್ಳಗಳು ಇವು. ಆ ನೀರು ಕೆಳಗೆ ಹೋಗದಿದ್ದರೆ ಪಕ್ಕದ ಎರೆಹೊಲ ಸವಳು-ಜವಳು ಆಗುತ್ತದೆ. ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಹಳ್ಳ ಮಳೆಗಾಲದಲ್ಲಿ 40 ಅಡಿ ಅಗಲ, 3 ಅಡಿ ಆಳ ಹರಿಯುತ್ತದೆ ಎಂದುಕೊಳ್ಳಿ. ನೀರಿನ ಬಾಯಿ 120 ಚದರ ಅಡಿ. ಮೂರಡಿ ವ್ಯಾಸದ ಒಂದು ಪೈಪಿನ ಬಾಯಿ ಸುಮಾರು 7 ಚದರ ಅಡಿ. ಎರಡು ಪೈಪಿಗೆ 14. ಅಂದರೆ 120 ಅಡಿಯಲ್ಲಿ ಹೋಗುತ್ತಿದ್ದ ನೀರಿಗೆ 14 ಅಡಿಯ ಬಾಯಿ. ಉಳಿದ ನೀರು ಮೇಲ್ಭಾಗದಲ್ಲಿ ಏರುತ್ತದೆ, ಹೊಲಕ್ಕೆ ನುಗ್ಗುತ್ತದೆ. ಪೈಪಿನಲ್ಲಿ ನುಸುಳಿದ ನೀರು ಪಿಚಕಾರಿಯಂತೆ ಜೋರಾಗಿ ಬಿದ್ದು ಕೆಳಗಿನ ಮಣ್ಣು ಕೊರೆಯುತ್ತದೆ. ಮೂರನೆಯ ಮಳೆಗಾಲಕ್ಕೆ ದಾರಿಯೇ ಕಿತ್ತುಹೋಗುತ್ತದೆ. ಪೈಪು ಹೆಚ್ಚಿಸೋಣ ಎಂದರೆ 120 ಚದರ ಅಡಿಗೆ 17 ಪೈಪು ಬೇಕು, 17 ಪೈಪು ಸಾಲಾಗಿ ಇಟ್ಟರೆ 51 ಅಡಿ. ಹಳ್ಳವೇ 40 ಅಡಿ! ಎತ್ತರದ ಮಣ್ಣಿನ ಒಡ್ಡಿಗೆ ಪೈಪು ತೂರಿಸಿ ದೊಡ್ಡ ಹಳ್ಳ ದಾಟುವುದು ಲೆಕ್ಕದಲ್ಲೇ ಕೂಡಿಬರುವುದಿಲ್ಲ.

ಎರಡು ದಾರಿ ಇವೆ. ಹಣವಿದ್ದರೆ ಕಂಬ ನಿಲ್ಲಿಸಿ ಸ್ಲ್ಯಾಬ್ ಹಾಕಿದ ಸೇತುವೆ. ಹಣ ಕಡಿಮೆ ಇದ್ದು ದಿನಕ್ಕೆ ನಾಲ್ಕಾರು ಗಾಡಿ ಓಡಾಡುವ ಕಡೆ ತಗ್ಗು ಕಾಸ್‌ವೇ. ಕಾಸ್‌ವೇ ಎಂದರೆ ಹಳ್ಳದ ತಳಕ್ಕೆ ಹತ್ತಿರವಾಗಿಯೇ ಕಾಂಕ್ರೀಟ್ ಹಾಸು. ದಿನದ ನೀರು ಅದರ ಕೆಳಗಿನ ಸಾಲು ಪೈಪುಗಳಲ್ಲಿ ಹೋಗುತ್ತದೆ, ದೊಡ್ಡ ಮಳೆ ಬಂದಾಗ ನೀರು ಹಾಸಿನ ಮೇಲೇ ಹರಿದುಹೋಗುತ್ತದೆ. ನೀರಿಗೆ ಯಾರೂ ಅಡ್ಡ ನಿಂತಿಲ್ಲವಾದ್ದರಿಂದ ದಾರಿ ಉಳಿಯುತ್ತದೆ. ಆದರೆ ಆ ಕೆಲವು ಗಂಟೆ ನೀವು ದಾಟುವಂತಿಲ್ಲ.

ಇದರ ಕಷ್ಟ ಲಿಂಗಸುಗೂರು ಕಡೆಯ ಅಕ್ಕಂದಿರಿಗೆ ಗೊತ್ತು. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗ ಶೀಲಹಳ್ಳಿಯ ತಗ್ಗು ಸೇತುವೆ ಮುಳುಗುತ್ತದೆ, ಆಚೆಯ ಊರುಗಳ ಸಂಪರ್ಕ ಕಡಿಯುತ್ತದೆ. ಹೊಲದ ಹಳ್ಳದ ನೀರು ಸಾಮಾನ್ಯವಾಗಿ ಅರ್ಧ ದಿನದಲ್ಲಿ ಇಳಿಯುತ್ತದೆ, ಅಣೆಕಟ್ಟಿನ ನೀರು ದಿನಗಟ್ಟಲೆ ಇಳಿಯುವುದಿಲ್ಲ. ಹಾಗಾಗಿ ಸಣ್ಣ ಹಳ್ಳಕ್ಕೆ ಕಾಸ್‌ವೇ ಸಾಕು, ದೊಡ್ಡ ಹೊಳೆಗೆ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಇದನ್ನು ಊರಿನವರು ಮೊದಲೇ ಇಂಜಿನಿಯರರ ಜೊತೆ ಕೂತು ಮಾತಾಡಿಕೊಳ್ಳಬೇಕು.

ನಮ್ಮ ಒಕ್ಕೂಟದ ಸೀಮೆಯಲ್ಲೇ ಇರುವ ನೀರುನಾಯಿ

ಹಳ್ಳ ನಮ್ಮ ಊರಿನದು. ಹೊಳೆಯ ವಿಷಯ ಬಂದಾಗ ಇನ್ನೊಬ್ಬ ಪಾಲುದಾರರೂ ಸೇರುತ್ತಾರೆ. ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. ಈ ಹೊಳೆಯ ಎರಡೂ ದಡದ ಹಳ್ಳಿಗಳು ನಮ್ಮ ಒಕ್ಕೂಟದ ವ್ಯಾಪ್ತಿಯಲ್ಲೇ ಬರುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ನಮ್ಮದೇ ಸೀಮೆ. ಊರವರು ನೀರಾವರಿಗೆಂದು ಕಟ್ಟಿಕೊಂಡ ಕೆರೆ ಅದು. ಹಕ್ಕಿಗಳ ಕಾರಣಕ್ಕೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ನೀರುನಾಯಿ ಮೀನು ತಿಂದು ಬದುಕುತ್ತದೆ. ದಡದ ಬಂಡೆ ಸಂದಿಯಲ್ಲಿ, ಆಪಿನ ಪೊದೆಯಲ್ಲಿ ಮರಿ ಇಡುತ್ತದೆ. ಹಗಲು ನೀರಿನಲ್ಲಿ ಈಜಿದರೂ ದಡದ ಮೇಲೆ ನಡೆದು ಓಡಾಡುವ ಪ್ರಾಣಿ. ಸೇತುವೆ ಕಟ್ಟುವಾಗ ಎರಡೂ ಬದಿಯ ದಡವನ್ನು ಗೋಡೆ ಕಟ್ಟಿ ಮುಚ್ಚಿದರೆ, ಸೇತುವೆ ಕೆಳಗೆ ನಡೆಯಲು ಒಣ ನೆಲ ಇರುವುದಿಲ್ಲ. ಹೊಳೆ ಜೋರಾದಾಗ ಅದು ರಸ್ತೆಗೆ ಹತ್ತಿ ಗಾಡಿ ಕೆಳಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಕಂಡು ಸೇತುವೆಗಳ ಒಳಗೋಡೆಗೆ ನೀರಿನ ಮಟ್ಟಕ್ಕಿಂತ ಮೇಲೆ ಒಂದು ಕಟ್ಟೆ ಹಾಕುತ್ತಾರೆ. ನೀರುನಾಯಿ ಅದರ ಮೇಲೆ ನಡೆದು ದಾಟುತ್ತದೆ. ಖರ್ಚು ಹೆಚ್ಚಿಲ್ಲ. ಕಂಬವನ್ನು ದಡದಿಂದ ಸ್ವಲ್ಪ ಹಿಂದೆ ಇಟ್ಟು ಒಣ ನೆಲ ಬಿಟ್ಟರೆ ಕಟ್ಟೆಯೂ ಬೇಡ. ಆ ಒಣ ನೆಲದಲ್ಲಿ ನಿಮ್ಮ ದನವೂ ರಸ್ತೆ ದಾಟದೆ ಆಚೆ ಹೋಗಬಹುದು.

ಇದೇ ಹೊಳೆಯ ಇನ್ನೊಂದು ಸಂಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆನೆಗೊಂದಿಗೂ ಹಂಪಿ ಕಡೆಯ ತಳವಾರಘಟ್ಟಕ್ಕೂ ನಡುವೆ ಹರಿಗೋಲೇ ಗತಿಯಾಗಿತ್ತು. ಆಸ್ಪತ್ರೆ, ಶಾಲೆ, ಸಂತೆ ಎಲ್ಲಕ್ಕೂ. ಅಲ್ಲಿ ಸೇತುವೆ ಕಟ್ಟಲು ಶುರು ಮಾಡಿದರು. ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. ಸೇತುವೆ ಕಾಮಗಾರಿಗಳಿಂದಾಗಿ 1999ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. 2006ರಲ್ಲಿ ಹಂಪಿಯನ್ನು ಆ ಪಟ್ಟಿಯಿಂದ ತೆಗೆದರು. ಮುಂದೆ ಕೆಲಸ ಮತ್ತೆ ನಡೆದು, 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಸೇತುವೆ ಆದದ್ದು ಅಲ್ಲಿಂದ ಕೆಳಗೆ, ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ.

ಆನೆಗೊಂದಿಯವರು ಸೇತುವೆ ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ಬಾಣಂತಿಯನ್ನು ಹರಿಗೋಲಿನಲ್ಲಿ ದಾಟಿಸಿದವರಿಗೇ ಅದರ ಸಂಕಟ ಗೊತ್ತು. ಆದರೆ ಎಲ್ಲಿ ದಾಟಬೇಕು ಎಂಬ ಮಾತು ಮೊದಲ ಕಂಬ ನಿಲ್ಲುವ ಮೊದಲೇ ತೀರ್ಮಾನವಾಗಿದ್ದರೆ ಆ ಊರವರು ಅಷ್ಟು ವರ್ಷ ಕಾಯಬೇಕಾಗಿರಲಿಲ್ಲ.

ಕಾಯ್ದೆ ಏನು ಹೇಳುತ್ತದೆ

ಸಂಕ್ಷಿಪ್ತವಾಗಿ ಹೇಳುತ್ತೇನೆ. 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ ಘೋಷಿತ ಜೌಗು ಪ್ರದೇಶವನ್ನು ತುಂಬುವಂತಿಲ್ಲ, ಒತ್ತುವರಿ ಮಾಡುವಂತಿಲ್ಲ, ಕಸ ಸುರಿಯುವಂತಿಲ್ಲ. ಹತ್ತು ವರ್ಷದ ಸರಾಸರಿ ನೆರೆ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಆದರೆ ಹೊಳೆಯ ಪಾತ್ರ, ಭತ್ತದ ಗದ್ದೆ, ನೀರಾವರಿಗೆಂದು ಕಟ್ಟಿದ ಕೆರೆ ಇವುಗಳನ್ನು ಈ ನಿಯಮ ತನ್ನ ಲೆಕ್ಕದಿಂದ ಹೊರಗಿಟ್ಟಿದೆ. ಹಾಗಾಗಿ ನಮ್ಮ ಊರ ಹಳ್ಳಕ್ಕೆ ಈ ನಿಯಮದ ಕಾವಲು ಇದೆ ಎಂದು ನಂಬಿ ಕೂರಬೇಡಿ.

ಮೀಸಲು ಪ್ರದೇಶದ ಮಾತು ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಂರಕ್ಷಣಾ ಮೀಸಲನ್ನು ಸ್ಥಳೀಯ ಜನರ ಜೊತೆ ಸಮಾಲೋಚಿಸಿಯೇ ಘೋಷಿಸಬೇಕು. ಅದರ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯತಿಯ ಒಬ್ಬ ಪ್ರತಿನಿಧಿ, ಕೃಷಿ ಇಲಾಖೆಯ ಒಬ್ಬರು, ಪಶುಸಂಗೋಪನಾ ಇಲಾಖೆಯ ಒಬ್ಬರು ಇರಬೇಕು. ಪಶುಸಂಗೋಪನೆಗೆ ಅಲ್ಲಿ ಕುರ್ಚಿ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಂಪ್ಲಿ, ಗಂಗಾವತಿ ಕಡೆಯ ಸದಸ್ಯೆಯರು ನಿಮ್ಮ ಪಂಚಾಯತಿಯಿಂದ ಯಾರು ಹೋಗುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ದನ ನೀರಿಗಿಳಿಯುವ ಜಾಗ, ಹಾಲಿನ ಗಾಡಿ ಬರುವ ಹೊತ್ತು ಇವನ್ನು ಅಲ್ಲಿ ಹೇಳಬೇಕಾದವರು ನೀವೇ.

ದಾರಿ ಕೇಳುವ ಮೊದಲು

ನಾವೆಲ್ಲ ಮರೆಯುವ ಒಂದು ಪ್ರಶ್ನೆ ಇದೆ. ಗಾಡಿಯೇ ಹಳ್ಳ ದಾಟಬೇಕೆ? ಕರೆದ ಹಾಲು ಬೆಚ್ಚಗಿರುತ್ತದೆ. ನಮ್ಮ ಸೆಕೆಯಲ್ಲಿ ಅದರಲ್ಲಿನ ಸೂಕ್ಷ್ಮಾಣುಗಳು ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಬಿಎಂಸಿಗೆ ತಲುಪಿ 4 ಡಿಗ್ರಿಗೆ ತಣ್ಣಗಾಗುವವರೆಗೆ ಪ್ರತಿ ನಿಮಿಷವೂ ಲೆಕ್ಕ. ದಾರಿಗಾಗಿ ನಾವು ಹೋರಾಡುವುದು ಇದಕ್ಕೇ. ಆದರೆ ಹಳ್ಳದ ಆಚೆ ಹಾಲು ಹಾಕುವ ಇಪ್ಪತ್ತು ಮೂವತ್ತು ಮನೆ ಇದ್ದರೆ, ಆಚೆಯೇ ಒಂದು ಉಪಕೇಂದ್ರ ಮಾಡಿ, ಅಲ್ಲಿಗೆ ಈಗಿರುವ ಬೇರೆ ರಸ್ತೆಯಿಂದ ಗಾಡಿ ಬರುವಂತೆ ಮಾಡಬಹುದು. ಎರಡು ಕಿಲೋಮೀಟರ್ ಸುತ್ತಾದರೂ ಹಳ್ಳ ಹಾಗೇ ಉಳಿಯುತ್ತದೆ. ಹಳ್ಳಕ್ಕೆ ನಡೆದು ದಾಟುವ ಕಿರುಸೇತುವೆ ಒಂದಿದ್ದರೆ ಸಾಕಾಗಬಹುದು. ಇದನ್ನು ಸಂಘದ ಸಭೆಯಲ್ಲಿ ಮೊದಲು ಲೆಕ್ಕ ಹಾಕಿ.

ಗಾಡಿಯೇ ಬರಬೇಕು ಎಂದಾದರೆ ಹಳೆಯ ಬಂಡಿ ದಾರಿ ಎಲ್ಲಿತ್ತು ನೋಡಿ. ಹಿರಿಯರು ಬಂಡಿ ದಾಟಿಸುತ್ತಿದ್ದ ಕಡೆ ಸಾಮಾನ್ಯವಾಗಿ ತಳ ಗಟ್ಟಿ ಇರುತ್ತದೆ, ಹಳ್ಳ ಸಣ್ಣದಿರುತ್ತದೆ. ಆಪು ಬೆಳೆದ ಜವಳಿನ ನಡುವೆ ಹೊಸ ದಾರಿ ಸೀಳುವುದಕ್ಕಿಂತ ಅದೇ ದಾರಿಯನ್ನು ಗಟ್ಟಿ ಮಾಡುವುದು ಒಳ್ಳೆಯದು. ಹಳ್ಳವನ್ನು ನೇರ ಅಡ್ಡಲಾಗಿ ದಾಟಬೇಕು. ಓರೆಯಾಗಿ ದಾಟಿದರೆ ದಾರಿ ಉದ್ದವಾಗುತ್ತದೆ, ನೀರು ಒಂದೇ ಬದಿಗೆ ಬಡಿಯುತ್ತದೆ.

ಅಗಲ ಎಷ್ಟು? ದಿನಕ್ಕೆ ಕೆಲವೇ ವಾಹನ ಓಡುವ ಹಳ್ಳಿ ರಸ್ತೆಗೆ 3 ಮೀಟರ್ ಸಾಕು. ಎದುರುಬದುರಾದರೆ ನಿಲ್ಲಲು ಗಟ್ಟಿ ನೆಲದ ಕಡೆ ಒಂದು ಅಗಲ ಜಾಗ ಬಿಟ್ಟರಾಯಿತು. "ದೊಡ್ಡ ರೋಡ್ ಬರಲಿ" ಎಂಬ ಆಸೆ ಎಲ್ಲರಿಗೂ ಇರುತ್ತದೆ. ಹಳ್ಳದೊಳಗೆ ಪ್ರತಿ ಅಡಿ ಅಗಲಕ್ಕೂ ಅಷ್ಟೇ ಉದ್ದದ ಪೈಪು, ಅಷ್ಟೇ ಹೆಚ್ಚು ಮಣ್ಣು ಎಂಬುದನ್ನು ನೆನಪಿಡಿ.

ಮಣ್ಣಿನ ವಿಷಯ ಇನ್ನೂ ಮುಖ್ಯ. ಪಕ್ಕದ ಜವಳಿನಿಂದಲೇ ಎರೆಮಣ್ಣು ತೋಡಿ ದಾರಿಗೆ ಹಾಕುವುದು ಸುಲಭ, ಆದರೆ ಎರಡು ನಷ್ಟ. ತೋಡಿದ ಗುಂಡಿಯಲ್ಲಿ ನೀರು ನಿಂತು ಮತ್ತೆ ಬಸವನಹುಳು, ಸೊಳ್ಳೆ. ಎರೆಮಣ್ಣೋ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು ದಾರಿಯನ್ನು ಒಡೆಯುತ್ತದೆ. ಗರಸು ಹೊರಗಿನಿಂದ ತಂದು, ಕೆಳಗೆ ಮರಳಿನ ಹಾಸು ಕೊಟ್ಟು, ಪದರು ಪದರಾಗಿ ನೀರು ಹಾಕಿ ರೋಲರ್ ಹೊಡೆಸಬೇಕು. ಇಳಿಜಾರಿಗೆ ಗರಿಕೆ ಅಥವಾ ಲಾವಂಚ ನೆಟ್ಟರೆ ಬೇರು ಮಣ್ಣು ಹಿಡಿಯುತ್ತದೆ.

ಪೈಪು ಕೂರಿಸುವ ದಿನ ನೀವು ಒಬ್ಬರಾದರೂ ಅಲ್ಲಿರಿ. ಪೈಪಿನ ತಳ ಹಳ್ಳದ ತಳಕ್ಕೆ ಸಮ ಇರಬೇಕು, ಇನ್ನೂ ಒಂದಿಷ್ಟು ಕೆಳಗಿದ್ದರೆ ಒಳ್ಳೆಯದು. ಮೀನು ಮೇಲಕ್ಕೆ ಹತ್ತಬೇಕೆಂದರೂ, ನೀರು ನಿಲ್ಲಬಾರದೆಂದರೂ ಇದೇ ಉಪಾಯ. ಪೈಪುಗಳನ್ನೆಲ್ಲ ಮಧ್ಯದಲ್ಲಿ ಒತ್ತದೆ ಹಳ್ಳದ ಅಗಲಕ್ಕೂ ಹಂಚಿ ಇಡಬೇಕು. ಆಳು ಬಗ್ಗಿ ಒಳಹೋಗಿ ಹೂಳು ತೆಗೆಯುವಷ್ಟು ದೊಡ್ಡದಿರಬೇಕು. ಕೆಳಬದಿಯಲ್ಲಿ ನೀರು ಬೀಳುವ ಕಡೆ ಕಲ್ಲು ಹಾಸಬೇಕು. ದಂಡೆಯಲ್ಲಿ ಅಡಿ ಗುರುತು ಬರೆದ ಕಂಬ ನೆಡಿಸಿ. ಹರಿಯುವ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವಬಲ್ಲದು, ಎರಡಡಿ ನೀರು ಗಾಡಿಯನ್ನೇ ತಳ್ಳಿಕೊಂಡು ಹೋಗುತ್ತದೆ. ಆ ಹೊತ್ತು ಕ್ಯಾನು ತಲೆ ಮೇಲಿಟ್ಟು ದಾಟುವ ಸಾಹಸ ಬೇಡ. ಒಂದು ಹೊತ್ತಿನ ಹಾಲು ಮನೆಯಲ್ಲಿ ಕಾಯಿಸಿ ಹೆಪ್ಪು ಹಾಕಿದರೆ ಬೆಣ್ಣೆಯಾದರೂ ಆದೀತು.

ಕೆಲಸ ಫೆಬ್ರವರಿಯಿಂದ ಮೇ ಒಳಗೆ ಮುಗಿಯಬೇಕು. ನಾಲೆ ನೀರು ನಿಂತು ಹಳ್ಳ ಇಳಿದಾಗ ಯಂತ್ರ ಕೆಸರು ತುಳಿಯುವುದು ಕಡಿಮೆ. ಪೊದೆಯಲ್ಲಿ ಹಕ್ಕಿ ಗೂಡು ಕಂಡರೆ ಆ ತುಂಡನ್ನು ಕೊನೆಗೆ ಉಳಿಸಿಕೊಳ್ಳಲು ಹೇಳಿ. ಉಳಿದ ಸಿಮೆಂಟು, ಕಲ್ಲುಪುಡಿ, ಯಂತ್ರದ ಎಣ್ಣೆ ಹಳ್ಳಕ್ಕೆ ಚೆಲ್ಲದೆ ಹೊರಗೆ ಸಾಗಿಸಬೇಕು ಎಂದು ಮೊದಲೇ ಮಾತಾಗಿರಲಿ. ಆ ನೀರನ್ನೇ ನಿಮ್ಮ ದನ ಕುಡಿಯುವುದು.

ದನಕ್ಕೆ ಬೇರೆ ಇಳಿಜಾರು

ದಾರಿಯ ನಕ್ಷೆಯಲ್ಲಿ ದನದ ಇಳಿಜಾರು ಇರುವುದೇ ಇಲ್ಲ. ಇದನ್ನು ಕೇಳಿ ಬರೆಸಿಕೊಳ್ಳಿ. ಕಾಸ್‌ವೇಯ ಕೆಳಬದಿಯಲ್ಲಿ, ನೀರು ಹರಿಯುವ ಕಡೆ, ಹತ್ತು ಹನ್ನೆರಡು ಅಡಿ ಅಗಲದಲ್ಲಿ ಕಲ್ಲು-ಗರಸು ಹಾಸಿದ ಸಣ್ಣ ಇಳಿಜಾರು ಇದ್ದರೆ ದನ ಒಂದೇ ಕಡೆ ಇಳಿದು ಕುಡಿದು ಹತ್ತುತ್ತವೆ. ಉಳಿದ ದಂಡೆ ತುಳಿತಕ್ಕೆ ಸಿಗದೆ ಹುಲ್ಲು ಉಳಿಯುತ್ತದೆ. ಗೊರಸು ಕೆಸರಲ್ಲಿ ನೆನೆದು ಕೊಳೆಯುವುದೂ ಕಡಿಮೆಯಾಗುತ್ತದೆ. ಹಳ್ಳದ ಹೊರಗೆ ಒಂದು ನೀರಿನ ತೊಟ್ಟಿ ಕಟ್ಟಿಸಿಕೊಳ್ಳಲು ಆದರೆ ಇನ್ನೂ ಉತ್ತಮ.

ಆ ಅಕ್ಕನ ಊರಿಗೆ ಮತ್ತೆ ಬರೋಣ. ಅಲ್ಲಿ ಸಂಘದವರು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಹಳ್ಳವನ್ನು ಬರೆದರು. ನೆರೆ ಎಲ್ಲಿಯವರೆಗೆ ಬಂದಿತ್ತು, ದನ ಎಲ್ಲಿ ಇಳಿಯುತ್ತಿದ್ದವು, ಹಳೆ ಬಂಡಿ ದಾರಿ ಎಲ್ಲಿ, ಆಪು ಎಲ್ಲಿಂದ ಎಲ್ಲಿಗೆ. ಗಂಡಸರು ಬರೆದಿದ್ದರೆ ಹೊಲದ ಗಡಿ ಇರುತ್ತಿತ್ತು, ದನ ಇಳಿಯುವ ಜಾಗ ಇರುತ್ತಿರಲಿಲ್ಲ ಎಂದು ಒಬ್ಬಾಕೆ ಅಂದಳು. ಅದನ್ನು ಹಾಳೆಗೆ ಇಳಿಸಿ, ಸಂಘದ ಠರಾವು ಬರೆದು, ಮಹಿಳಾ ಗ್ರಾಮಸಭೆಯಲ್ಲಿ ಕೊಟ್ಟರು. ಕೇಳಿದ್ದು ಮೂರು: ಪೈಪನ್ನು ತಳಕ್ಕೆ ಇಳಿಸುವುದು, ಒಡ್ಡಿನ ಎತ್ತರ ಕಡಿಮೆ ಮಾಡಿ ಮೇಲೆ ಕಾಂಕ್ರೀಟ್ ಹಾಸುವುದು, ದನಕ್ಕೆ ಇಳಿಜಾರು. ಮೊದಲನೆಯದು ಬೇಸಿಗೆಯಲ್ಲೇ ಆಯಿತು, ಮಡು ಅರ್ಧ ಇಳಿಯಿತು. ಉಳಿದ ಎರಡಕ್ಕೆ ಇನ್ನೂ ಓಡಾಡುತ್ತಿದ್ದಾರೆ.

ದಾರಿ ಸರಿಯಾಗುವವರೆಗೆ ನಿಮ್ಮ ಕೈಯಲ್ಲಿರುವ ಕೆಲಸ: ನಿಂತ ನೀರಿನ ಅಂಚಿನ ಹುಲ್ಲನ್ನು ಹಸಿಯಾಗಿ ಮೇಯಿಸಬೇಡಿ. ಕೊಯ್ಯಲೇಬೇಕಾದರೆ ನೀರಿಗಿಂತ ಮೇಲಿನ ಭಾಗ ಮಾತ್ರ ಕೊಯ್ದು ಚೆನ್ನಾಗಿ ಒಣಗಿಸಿ ಹಾಕಿ. ಗದ್ದದ ಬಾವು, ಬಿಡದ ಭೇದಿ, ಬಿಳಿಚಿದ ಕಣ್ಣು, ಇಳಿದ ಹಾಲು ಕಂಡರೆ ಬೇರೆ ಜಂತಿನಿಂದಲೂ ಆಗಿರಬಹುದು. ಅಂಗಡಿಯಿಂದ ಔಷಧಿ ತಂದು ಕುಡಿಸದೆ, ಬೆಂಕಿಪೊಟ್ಟಣದಷ್ಟು ತಾಜಾ ಸಗಣಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ. ಗಬ್ಬದ ಎಮ್ಮೆ ಇದ್ದರೆ ಮೊದಲೇ ಹೇಳಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಆ ಎಮ್ಮೆಯ ಹಾಲನ್ನು ಸಂಘಕ್ಕೆ ಹಾಕಬಾರದು ಎಂದು ವೈದ್ಯರನ್ನು ಕೇಳಿ, ಆ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹಳ್ಳಕ್ಕೆ ಇಳಿಯುವ ದನ ಎಲ್ಲರದೂ ಇರುವುದರಿಂದ ಒಬ್ಬರ ಎಮ್ಮೆಗೆ ಮಾತ್ರ ಔಷಧಿ ಕೊಟ್ಟರೆ ಸಾಲದು. ಮಳೆಗಾಲಕ್ಕೆ ಮೊದಲು ಒಂದು ದಿನ ಗೊತ್ತು ಮಾಡಿ ಊರ ದನಗಳನ್ನೆಲ್ಲ ಸಂಘದ ಮುಂದೆ ಕಟ್ಟಿಸಿದರೆ ವೈದ್ಯರಿಗೂ ಅನುಕೂಲ. ಶಿಬಿರಕ್ಕೆ ದಿನ ಬೇಕಿದ್ದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗೆ ಹದಿನೈದು ದಿನ ಮೊದಲು ತಿಳಿಸಿ.